ಬುರುಡ್ ಆಳಿಯ ಬಿದಿರು: ತರಕಾರಿ ತೋಟದ ಬೇಲಿಗೆ ಪುಣೆಯಲ್ಲಿ ಇಲ್ಲಿಗೇ ಹೋಗಿ

ಪುಣೆಯಲ್ಲಿ ಮನೆ ಹಿತ್ತಲಲ್ಲಿ ನಾಲ್ಕು ಮಡಿ ತರಕಾರಿ ಬೆಳೆಯುವವರು, ಅದಕ್ಕೊಂದು ಬೇಲಿ ಬೇಕು ಅಂತ ಯೋಚಿಸುತ್ತಿರುವವರು ಇದನ್ನು ಓದಿ. ಗಣೇಶ್ ಪೇಠದ ಬುರುಡ್ ಆಳಿಯಿಂದ, ಅಂದರೆ ಮೇದಾರರ ಗಲ್ಲಿಯಿಂದ, ಬಿದಿರು ತಂದು ನಾವೇ ಬೇಲಿ ಕಟ್ಟಿದೆವು. ಆಮೇಲೆ ಒಂದು ಪೂರ್ತಿ ಬೇಸಿಗೆ, ಒಂದು ಪೂರ್ತಿ ಮಳೆಗಾಲ ಕಳೆದಿದೆ. ಬೇಲಿ ನೆಟ್ಟಗೆ ನಿಂತಿದೆ. ಒಳಗೆ ಬದನೆ, ಬಸಳೆ, ಹರಿವೆ ಚೆನ್ನಾಗಿ ಬಂದಿವೆ. ಹಾಗಾಗಿ ಈಗ ಧೈರ್ಯವಾಗಿ ಹೇಳಬಹುದು. ಬಿದಿರು ಬೇಕಾದರೆ ಆ ಗಲ್ಲಿಗೇ ಹೋಗಿ. ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಯಾಕೆ ಕಡಿಮೆ ಅನ್ನೋದನ್ನೂ ಮುಂದೆ ಹೇಳ್ತೀನಿ.

ನಮ್ಮ ಮನೆ ಸಿಂಹಗಡ ರಸ್ತೆ ಕಡೆಯ ಧಾಯರಿಯಲ್ಲಿ. ರೋ ಹೌಸ್. ಹಿಂದುಗಡೆ 20 ಅಡಿಗೆ 15 ಅಡಿ ಜಾಗ ಇದೆ. ಒಂದು ಬದಿಗೆ ಮನೆಯ ಗೋಡೆ, ಉಳಿದ ಮೂರು ಬದಿ ಬಯಲು. ಮೊದಲು ಸುತ್ತ ಹಸಿರು ನೆಟ್ ಕಟ್ಟಿದ್ದೆವು. ಆಡುಗಳಿಗೆ ಅದು ಲೆಕ್ಕಕ್ಕೇ ಇಲ್ಲ. ಸಂಜೆ ಗುಡ್ಡದ ಕಡೆಯಿಂದ ಹಿಂಡು ಇಳಿಯುತ್ತೆ. ಎರಡು ಆಡು ನೆಟ್ ಮೇಲೆ ಮುಂಗಾಲು ಇಟ್ಟರೆ ಸಾಕು, ಅದು ನೆಲಕ್ಕೆ ಬಂತು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ನಮ್ಮ ಮೆಣಸಿನ ಗಿಡದಲ್ಲಿ ಬರೀ ದಂಟು ಉಳಿಯಿತು. ನೆಲದೊಳಗಿನಿಂದ ಹೆಗ್ಗಣ ಬೇರೆ. ಬೀದಿ ಕೋಳಿಗಳು ಮೆಂತ್ಯ ಬಿತ್ತಿದ ಮಡಿಯನ್ನೇ ಹುಡುಕಿಕೊಂಡು ಬಂದು ಕೆದಕುತ್ತಿದ್ದವು.

ನಾನು ಸಾಗರದ ಕಡೆಯ ಹಳ್ಳಿಯವಳು. ಬೇಲಿ ಅಂದರೆ ನನಗೆ ಮೊದಲು ನೆನಪಾಗೋದು ಬಿದಿರೇ. ಮಳೆಗಾಲ ಮುಗಿದ ಮೇಲೆ ಅಪ್ಪ ಮೆಳೆಯಿಂದ ಗಳ ಕಡಿಸಿ ತೋಟದ ಬೇಲಿಯನ್ನು ಹೊಸದು ಮಾಡುತ್ತಿದ್ದರು. ಅಲ್ಲಿ ಬಿದಿರಿಗೆ ದುಡ್ಡು ಕೊಟ್ಟ ನೆನಪೇ ನನಗಿಲ್ಲ. ಇಲ್ಲಿ ಎಲ್ಲವನ್ನೂ ಕೊಂಡೇ ತರಬೇಕು. ಅದಕ್ಕೇ ಎಲ್ಲಿ ಕೊಳ್ಳಬೇಕು, ಯಾವುದನ್ನು ಕೊಳ್ಳಬೇಕು ಅನ್ನೋದು ದೊಡ್ಡ ವಿಷಯ.

ಬುರುಡ್ ಆಳಿ ನನಗೆ ಹೊಸ ಜಾಗವಲ್ಲ. ಪ್ರತಿ ವರ್ಷ ಗೌರಿ ಹಬ್ಬದ ಬಾಗಿನಕ್ಕೆ ಮೊರ ತರೋದು ಅಲ್ಲಿಂದಲೇ. ಪುಣೆಯಲ್ಲಿರುವ ನಮ್ಮ ಕನ್ನಡದ ಹೆಂಗಸರು ಎಷ್ಟೋ ಜನ ಅಲ್ಲಿಗೇ ಹೋಗ್ತಾರೆ. ಗಲ್ಲಿಯ ಎರಡೂ ಕಡೆ ಬಿದಿರಿನ ಗಳಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿರುತ್ತಾರೆ. ಎರಡನೇ ಮಹಡಿಯ ಕಿಟಕಿ ಮುಟ್ಟುವಷ್ಟು ಎತ್ತರ. ಕೆಳಗೆ ಬುಟ್ಟಿ, ಮೊರ, ಏಣಿ, ಕಿಟಕಿಗೆ ಹಾಕುವ ಪರದೆ. ಯುಗಾದಿ ಹತ್ತಿರ ಬಂದರೆ ಮರಾಠಿಗರು ಮನೆ ಮುಂದೆ ಏರಿಸುವ ಗುಡಿಯ ಕೋಲುಗಳು, ದೀಪಾವಳಿಗೆ ಆಕಾಶಬುಟ್ಟಿಯ ಚೌಕಟ್ಟುಗಳು. ನಾನು ಹೋಗುವ ಅಂಗಡಿಯಲ್ಲಿ ಒಬ್ಬ ಆಜಿ ಬಾಗಿಲಲ್ಲೇ ಕೂತು ಮೊರ ಹೆಣೆಯುತ್ತಾರೆ. ವ್ಯಾಪಾರ ನೋಡಿಕೊಳ್ಳೋದು ಅವರ ಮಗ. ಗೋಡೆ ಮೇಲೆ ಕೇತಯ್ಯನವರ ಪಟ ಇದೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರ ಜೊತೆಗಿದ್ದ ನಮ್ಮ ಮೇದಾರ ಕೇತಯ್ಯ. ಮೊದಲ ಸಲ ನೋಡಿ ನಾನು ಹೆಸರು ಹೇಳಿದಾಗ ಆಜಿಗೆ ಆದ ಖುಷಿ ಅಷ್ಟಿಷ್ಟಲ್ಲ. ಆವತ್ತಿನಿಂದ ನಾನು ಅವರ ಮನೆ ಹೆಣ್ಣುಮಗಳು.

ಈ ಸಲ ಮೊರ ಬೇಡ, ಬೇಲಿಗೆ ಬಿದಿರು ಬೇಕು ಅಂದೆ. ಮಗ ರೇಟು ಹೇಳಲಿಲ್ಲ. ಮೊದಲು ಪ್ರಶ್ನೆ ಕೇಳಲು ಶುರು ಮಾಡಿದರು. "ತಾಯಿ, ಯಾವ ಪ್ರಾಣಿಗೆ ಬೇಲಿ? ದನಕ್ಕಾ, ಆಡಿಗಾ? ನೆಲ ಕಪ್ಪು ಮಣ್ಣಾ, ಗರಸು ಮುರಮ್ಮಾ? ಗಾಳಿ ಯಾವ ಕಡೆಯಿಂದ ಬಡಿಯುತ್ತೆ? ಕಂಬ ಮಣ್ಣಲ್ಲಿ ಹೂಳ್ತೀರಾ, ಮೇಲೆ ನಿಲ್ಲಿಸ್ತೀರಾ?" ಈ ಪ್ರಶ್ನೆಗಳಿಗೇ ನಾನು ನಾಲ್ಕು ಅಂಕ ಕೊಡ್ತೀನಿ. ಆನ್‌ಲೈನ್‌ನಲ್ಲಿ ಕೊಂಡರೆ ಯಾರು ಕೇಳ್ತಾರೆ ಇದನ್ನ? ನಾನು ಅಳತೆ ಹೇಳಿದೆ. ಅವರು ಒಂದು ರಟ್ಟಿನ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದರು. 50 ಅಡಿ ಉದ್ದ, ಐದಡಿಗೊಂದು ಕಂಬ, ಮೂರು ಸಾಲು ಅಡ್ಡಗಳ, ನಡುವೆ ನಾಲ್ಕಡಿ ಎತ್ತರದ ಸೀಳು. ಒಟ್ಟು ಕಳಕ್ ಜಾತಿಯ ಹತ್ತು ಗಳ, ಮಾನವೇಲ್ ಜಾತಿಯ ಹತ್ತು ಗಳ ಸಾಕು ಅಂದರು. ಕಟ್ಟಿ ಮುಗಿಸಿದಾಗ ಉಳಿದದ್ದು ಒಂದೇ ಒಂದು ತುಂಡು ಮಾನವೇಲ್. ಅಂಥ ಲೆಕ್ಕ.

ಬಿದಿರಿನ ಜಾತಿ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಲ್ಲಿ ಕಳಕ್ ಅನ್ನೋದು ನಮ್ಮ ಹೆಬ್ಬಿದಿರು. ಮುಳ್ಳಿರುವ ಜಾತಿ. ದಪ್ಪ, ಒಳಗೆ ಪೊಳ್ಳು. ಕಂಬಕ್ಕೂ ಸೀಳಿಗೂ ಒಳ್ಳೆಯದು. ಮಾನವೇಲ್ ಸಣ್ಣದು, ಒಳಗೆ ಹೆಚ್ಚುಕಡಿಮೆ ಗಟ್ಟಿ. ಲಾಠಿ ಮಾಡುವ ಬಿದಿರು ಇದೇ. ಅಡ್ಡಗಳಕ್ಕೆ ಇದನ್ನೇ ಹಾಕಬೇಕು, ಯಾಕೆಂದರೆ ಆಡು ಒರಗಿದರೂ ಇದು ಬಗ್ಗಿ ಮತ್ತೆ ನೆಟ್ಟಗಾಗುತ್ತೆ. ಮೂರನೆಯದು ಕೊಂಕಣದಿಂದ ಬರುವ ಮಾಣಗಾ. ಮುಳ್ಳಿಲ್ಲ, ನೇರ, ಗಟ್ಟಿ. ಸಿಂಧುದುರ್ಗದಲ್ಲಿ ಮನೆ ಹಿತ್ತಲಲ್ಲೇ ಬೆಳೆಸ್ತಾರೆ. ಗೋವಾ, ಉತ್ತರ ಕನ್ನಡದಲ್ಲೂ ಇದೆ. ನೋಡಲು ತುಂಬ ಚೆಂದ, ರೇಟೂ ಜಾಸ್ತಿ. ಕುರ್ಚಿ, ಮೇಜು ಮಾಡುವವರು ಕೊಳ್ಳಲಿ. ತರಕಾರಿ ಬೇಲಿಗೆ ಅಷ್ಟು ಬೇಡ.

ಈಗ ಆರಿಸುವ ವಿಷಯ. ಬೇಲಿಯ ಆಯುಷ್ಯ ಅರ್ಧ ಇಲ್ಲೇ ತೀರ್ಮಾನವಾಗುತ್ತೆ. ಬಿದಿರು ಹುಲ್ಲಿನ ಜಾತಿ. ಮರ ವರ್ಷ ವರ್ಷ ದಪ್ಪವಾಗುತ್ತೆ, ಬಿದಿರು ಆಗಲ್ಲ. ಕಳಲೆ ನೆಲದಿಂದ ಎಷ್ಟು ದಪ್ಪ ಬರುತ್ತೋ ಗಳ ಕೊನೆವರೆಗೂ ಅಷ್ಟೇ ದಪ್ಪ. ಒಂದೇ ಮಳೆಗಾಲದಲ್ಲಿ ಪೂರ್ತಿ ಎತ್ತರಕ್ಕೆ ಬೆಳೆದುಬಿಡುತ್ತೆ. ಬಲಿಯಲು ಮಾತ್ರ ಮೂರು ವರ್ಷ ಬೇಕು. ಅದಕ್ಕೇ ದಪ್ಪ ನೋಡಿ ಮೋಸ ಹೋಗಬೇಡಿ. ದಪ್ಪಗಿರುವ ಎಳೆ ಗಳವೂ ಇರುತ್ತೆ. ಅಂಗಡಿಯವರು ನನಗೆ ಗಳವನ್ನು ನೆಲಕ್ಕೆ ಕುಟ್ಟಿ ತೋರಿಸಿದರು. ಬಲಿತದ್ದು ಠಣ್ ಅನ್ನುತ್ತೆ. ಎಳೆಯದು ಮಂಕಾಗಿ ಸದ್ದು ಮಾಡುತ್ತೆ. ಕೈಯಾಡಿಸಿ ನೋಡಿ. ಎಳೆಯದು ಒಣಗಿದಾಗ ಸಿಪ್ಪೆ ಸುಕ್ಕುಗಟ್ಟಿರುತ್ತೆ. ಬಲಿತದ್ದರ ಸಿಪ್ಪೆ ನುಣುಪಾಗಿ, ಗಟ್ಟಿಯಾಗಿ ಇರುತ್ತೆ. ಅಲ್ಲಲ್ಲಿ ಬೂದು ಬಣ್ಣದ ಹಾವಸೆ ಕಲೆಗಳಿದ್ದರೆ ಬೇಡ ಅನ್ನಬೇಡಿ. ಮೆಳೆಯಲ್ಲಿ ವರ್ಷಗಟ್ಟಲೆ ನಿಂತಿತ್ತು ಅನ್ನುವುದಕ್ಕೆ ಅದೇ ಗುರುತು.

ಆಮೇಲೆ ಕೊಯ್ದ ತುದಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಗುಂಡುಸೂಜಿ ಚುಚ್ಚಿದಂಥ ತೂತುಗಳಿದ್ದರೆ, ಗಳ ಕುಟ್ಟಿದಾಗ ಹಿಟ್ಟು ಉದುರಿದರೆ, ಒಳಗೆ ಕುಟ್ಟೆ ಹುಳ ಇದೆ ಅಂತ ಅರ್ಥ. ಬಿದಿರಿನ ಒಳಗಿನ ಪಿಷ್ಟ ಅದರ ಊಟ. ಹೊರಗಿನ ಸಿಪ್ಪೆ ತುಂಬ ಗಟ್ಟಿ, ಅದಕ್ಕೆ ಹುಳ ಅಲ್ಲಿಂದ ಹೋಗೋದು ಕಷ್ಟ. ಕೊಯ್ದ ತುದಿಯಿಂದ, ಸೀಳಿದ ಒಳಮೈಯಿಂದ ನುಗ್ಗುತ್ತೆ. ಮಳೆ ಮುಗಿದು ಚಳಿಗಾಲದಲ್ಲಿ ಕಡಿದ ಗಳದಲ್ಲಿ ಪಿಷ್ಟ ಕಡಿಮೆ. ನಮ್ಮಪ್ಪ ಅಮಾವಾಸ್ಯೆ ಹತ್ತಿರ ಬಂದಾಗಲೇ ಗಳ ಕಡಿಸುತ್ತಿದ್ದರು. ಆಜಿ ಕೂಡ ಅದೇ ಮಾತು ಹೇಳಿದರು. ಎರಡು ಊರು, ಎರಡು ಭಾಷೆ, ಬಿದಿರಿನ ಪಾಠ ಒಂದೇ.

ಈ ಬಿದಿರು ಎಲ್ಲಿಂದ ಬರುತ್ತೆ ಅಂತ ಕೇಳಿದೆ. ಜಾಸ್ತಿ ರೈತರ ಹೊಲದಿಂದಲೇ, ಕೊಂಕಣದ ಕಡೆಯಿಂದ ಅಂದರು. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಬಿದಿರೂ ಮರದ ಲೆಕ್ಕಕ್ಕೆ ಸೇರಿತ್ತು. ಸ್ವಂತ ಹೊಲದ ಬಿದಿರನ್ನು ಕಡಿದು ಸಾಗಿಸಲೂ ರೈತ ಪರವಾನಗಿಗೆ ಓಡಾಡಬೇಕಿತ್ತು. 2017ರ ಕೊನೆಯಲ್ಲಿ ತಿದ್ದುಪಡಿ ಬಂತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಲೆಕ್ಕದಿಂದ ಬಿಟ್ಟರು. ನನಗೆ ಇದು ಖುಷಿ ಕೊಟ್ಟ ಸಂಗತಿ. ನಮ್ಮ ಬೇಲಿಗೆ ಕೊಟ್ಟ ದುಡ್ಡಿನಲ್ಲಿ ಒಂದಿಷ್ಟು ಯಾವುದೋ ರೈತನ ಮನೆಗೂ ಹೋಗುತ್ತೆ ಅಲ್ವಾ.

ಗಳ ಕೊಂಡರೆ ಅಲ್ಲೇ ಸೀಳಿಯೂ ಕೊಡ್ತಾರೆ. ಗಳಕ್ಕಿಷ್ಟು ಅಂತ ಕೂಲಿ. ದಯವಿಟ್ಟು ಅಲ್ಲೇ ಸೀಳಿಸಿ. ಆ ಕೆಲಸ ನೋಡುವುದಕ್ಕಾದರೂ ಒಂದು ಗಂಟೆ ನಿಲ್ಲಿ. ಅಂಗಡಿಯವರ ಚಿಕ್ಕಪ್ಪ ಸೀಳುತ್ತಾರೆ. ವಯಸ್ಸಾದವರು. ಗಳದ ತಲೆಗೆ ಕತ್ತಿ ಇಟ್ಟು ಮರದ ಕೊಡತಿಯಿಂದ ಒಂದೇಟು. ಕತ್ತಿ ಒಳಗಿಳಿದ ಮೇಲೆ ಹೊಡೆಯಲ್ಲ, ಬರೀ ತಳ್ಳುತ್ತಾರೆ. ಗೆಣ್ಣು ಬಂದಾಗ ಪಟ್ ಅನ್ನುತ್ತೆ. ಯಾವಾಗಲೂ ಸರಿಯಾಗಿ ಎರಡು ಭಾಗ. ಆ ಎರಡನ್ನು ಮತ್ತೆ ಎರಡೆರಡು. ಮತ್ತೆ ಎರಡೆರಡು. ಒಂದು ಕಳಕ್‌ನಿಂದ ಎಂಟು ಸೀಳು. ಒಂದು ಬದಿಗೆ ಜಾಸ್ತಿ, ಒಂದು ಬದಿಗೆ ಕಡಿಮೆ ಬಿಟ್ಟು ಸೀಳಿದರೆ ಬಿರುಕು ತೆಳುವಾದ ಕಡೆಗೆ ಓಡಿ ಹೋಗಿ ಸೀಳು ನಡುವಲ್ಲೇ ಮುರಿಯುತ್ತೆ. ಬಿರುಕು ಹಾದಿ ತಪ್ಪುತ್ತಿದೆ ಅನ್ನಿಸಿದ ತಕ್ಷಣ ಅವರು ದಪ್ಪ ಇರುವ ಬದಿಯನ್ನು ಮೊಣಕಾಲಿನಿಂದ ಒತ್ತಿ ಬಗ್ಗಿಸುತ್ತಾರೆ. ಬಿರುಕು ಮತ್ತೆ ನಡುವಿಗೆ ಬರುತ್ತೆ. ಇಪ್ಪತ್ತು ಅಡಿ ಉದ್ದಕ್ಕೂ ಕಣ್ಣು ಬಿರುಕಿನ ಮೇಲೇ. ಆಮೇಲೆ ಪ್ರತಿ ಸೀಳಿನ ಒಳಮೈಯ ಮೆತ್ತನೆ ಭಾಗವನ್ನು ಕತ್ತಿಯಿಂದ ಹೆರೆದು ತೆಗೆದರು. ಹುಳಕ್ಕೆ ಬೇಕಾದ ತಿಂಡಿ ಇರೋದು ಅದರಲ್ಲೇ. ಹೆರೆದ ಮೇಲೆ ಸೀಳು ಹೆಣೆಯಲೂ ಸರಿಯಾಗಿ ಬಗ್ಗುತ್ತೆ. ಅಂಚಿನ ಸಿಬಿರನ್ನೂ ಕತ್ತಿಯ ಬೆನ್ನಿನಿಂದ ಎಳೆದು ತೆಗೆದರು. ಮನೆಯಲ್ಲಿ ಮಕ್ಕಳಿದ್ದಾರಾ ಅಂತ ಕೇಳಿ, ಇದ್ದಾರೆ ಅಂದಾಗ ಇನ್ನೊಂದು ಸಲ ಎಳೆದರು. ನಾನು ಕೇಳದೇ ಮಾಡಿದ ಕೆಲಸ ಇದು.

ಅರ್ಧ ಅಂಕ ಕಡಿಮೆ ಕೊಟ್ಟಿದ್ದು ಇದಕ್ಕೆ. ಅಲ್ಲಿ ಔಷಧಿ ಉಪಚಾರ ಮಾಡಿದ ಬಿದಿರು ನನಗೆ ಸಿಗಲಿಲ್ಲ. ಕಚ್ಚಾ ಬಿದಿರೇ. ಮಣ್ಣಿಗೆ ತಾಗಿದಂತೆ ಹೂತ ಕಚ್ಚಾ ಬಿದಿರು ಒಂದರಿಂದ ಮೂರು ವರ್ಷಕ್ಕೆ ಕೊಳೆಯುತ್ತೆ ಅಥವಾ ಗೆದ್ದಲಿನ ಪಾಲಾಗುತ್ತೆ. ಇದು ಗೊತ್ತಿರುವ ವಿಷಯ, ಅಂಗಡಿಯವರೂ ಮುಚ್ಚಿಡಲಿಲ್ಲ. ಆದರೂ ಉಪಚಾರ ಮಾಡಿದ್ದನ್ನು ನಾಲ್ಕು ಕಾಸು ಜಾಸ್ತಿ ಇಟ್ಟು ಮಾರಿದರೆ ನನ್ನಂಥವರು ಖಂಡಿತ ಕೊಳ್ತಾರೆ. ಸಿಂಧುದುರ್ಗದ ಕುಡಾಳದಲ್ಲಿ ಕೊನ್‌ಬ್ಯಾಕ್ ಅನ್ನುವ ಸಂಸ್ಥೆ ಉಪಚಾರ ಮಾಡಿದ ಬಿದಿರಿನಲ್ಲಿ ಮನೆಗಳನ್ನೇ ಕಟ್ಟುತ್ತೆ. ಆ ವಿದ್ಯೆ ನಮ್ಮ ಪೇಠದ ಗಲ್ಲಿಗೂ ಬರಬೇಕು.

ಇನ್ನೊಂದು ಕಷ್ಟ ಸಾಗಣೆ. ಗಲ್ಲಿ ತುಂಬ ಇಕ್ಕಟ್ಟು. ಬೆಳಿಗ್ಗೆ ಬೇಗ ಹೋದರೆ ಮಾತ್ರ ಛೋಟಾ ಹಾಥಿ ಟೆಂಪೋ ಒಳಗೆ ಬರುತ್ತೆ. ಹತ್ತು ಗಂಟೆ ಆದರೆ ಕೈಗಾಡಿಗಳ ನಡುವೆ ಸ್ಕೂಟರ್ ಕೂಡ ಹೋಗಲ್ಲ. ಇಪ್ಪತ್ತಡಿ ಗಳವನ್ನು ಹಾಗೇ ಹೇರಿದರೆ ಅದು ಹೊರಗೆ ಚಾಚಿಕೊಂಡು, ಹಿಂದೆ ಬರುವ ಗಾಡಿಯವರಿಗೆ ಅಪಾಯ. ಅದಕ್ಕೇ ಅಳತೆ ಕೊಟ್ಟು ಅಲ್ಲೇ ಕೊಯ್ಸಿಕೊಂಡು ಬನ್ನಿ. ರೇಟಿನಲ್ಲಿ ಚೌಕಾಸಿ ನಡೆಯುತ್ತೆ, ಜಾಸ್ತಿ ಎಳೆಯಬೇಡಿ. ನಾನು ಕೊಂಡಾಗ ದಪ್ಪ, ಉದ್ದ ನೋಡಿ ಗಳಕ್ಕೆ ನೂರರಿಂದ ಇನ್ನೂರು ರೂಪಾಯಿ ಒಳಗೆ ಇತ್ತು. ಬಿದಿರು, ಸೀಳುವ ಕೂಲಿ, ಟೆಂಪೋ, ರಾಡು, ಸಿಮೆಂಟು, ಜಾಲರಿ, ಎಣ್ಣೆ, ಸಹಾಯಕ್ಕೆ ಬಂದವರ ಕೂಲಿ ಎಲ್ಲ ಸೇರಿ 9,000 ರೂಪಾಯಿ ಆಸುಪಾಸಿನಲ್ಲಿ ಮುಗಿಯಿತು.

ಅಲ್ಲಿಂದ ಬೋಹರಿ ಆಳಿ ದೂರವಿಲ್ಲ. ತಂತಿ, ಜಾಲರಿ, ಡ್ರಿಲ್ ಬಿಟ್ ಎಲ್ಲ ಅಲ್ಲೇ ಕೊಂಡೆವು. ಎರಡೂ ಆಳಿಗಳನ್ನು ಒಂದೇ ಬೆಳಿಗ್ಗೆ ಮುಗಿಸಬಹುದು.

ಉಪಚಾರವನ್ನು ಮನೆಯಲ್ಲೇ ಮಾಡಿದೆವು, ಕಷ್ಟವೇನಿಲ್ಲ. 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್. 100 ಲೀಟರ್ ನೀರಿಗೆ 3 ಕಿಲೋ ಬೋರಾಕ್ಸ್, 2 ಕಿಲೋ ಬೋರಿಕ್ ಆಸಿಡ್ ಪುಡಿ. ಬೋರಾಕ್ಸ್ ಅಂದರೆ ನಮ್ಮ ಅಜ್ಜಿಯರ ಬಿಳಿಗಾರ. ಬಿಸಿ ನೀರಲ್ಲಿ ಮೊದಲು ಕರಗಿಸಿ ಆಮೇಲೆ ಡ್ರಮ್ಮಿಗೆ ಸುರಿಯಬೇಕು. ಸೀಳು, ಕಂಬದ ತುಂಡು ಎಲ್ಲವನ್ನೂ ಅದರಲ್ಲಿ ನಿಲ್ಲಿಸಿ ಒಂದು ವಾರ ಬಿಡಿ, ನಡುವೆ ತಲೆಕೆಳಗು ಮಾಡಿ. ಕಂಬದ ಪ್ರತಿ ಗೆಣ್ಣಿನ ಹತ್ತಿರ ಡ್ರಿಲ್ಲಿನಿಂದ ಸಣ್ಣ ತೂತು ಹಾಕಿದರೆ ನೀರು ಒಳಗೂ ಹೋಗುತ್ತೆ. ಆಮೇಲೆ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಸಿಗಿಯುತ್ತೆ. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಉಳಿದ ನೀರನ್ನು ಅಪ್ಪಿತಪ್ಪಿಯೂ ತರಕಾರಿ ಮಡಿಗೆ ಚೆಲ್ಲಬೇಡಿ. ಬೋರಾನ್ ಗಿಡಕ್ಕೆ ಚಿಟಿಕೆಯಷ್ಟು ಸಾಕು, ಜಾಸ್ತಿ ಆದರೆ ಎಲೆಯಂಚು ಸುಟ್ಟು ಗಿಡ ಸಾಯುತ್ತೆ.

ಈ ಉಪಚಾರ ಹುಳಕ್ಕೆ ಒಳ್ಳೇದು, ಮಳೆಗೆ ಸಾಲದು. ಬೋರಾಕ್ಸ್ ನೀರಲ್ಲಿ ಕರಗುವ ವಸ್ತು, ಮಳೆಯಲ್ಲಿ ನಿಧಾನಕ್ಕೆ ತೊಳೆದು ಹೋಗುತ್ತೆ. ಅದಕ್ಕೇ ಒಣಗಿದ ಮೇಲೆ ಅಗಸೆ ಎಣ್ಣೆ ಎರಡು ಸಲ ಬಳಿದೆವು. ಇನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ಸಲ ಬಳಿಯಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತೆ, ಮುದ್ದೆಯಾದ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಬಯಲಲ್ಲಿ ಒಣಗಿಸಿ.

ಬೇಲಿ ನಿಲ್ಲಿಸಲು ಸಹಾಯಕ್ಕೆ ಬಂದವನು ಕಲಬುರಗಿ ಕಡೆಯ ಹುಡುಗ. ಅವನೂ ಆ ಗಲ್ಲಿಯಲ್ಲೇ ಸಿಕ್ಕಿದ. ನಾನು ಮನೆಯವರ ಜೊತೆ ಫೋನಿನಲ್ಲಿ ಮಾತಾಡೋದು ಕೇಳಿ, ಗಳ ಹೊತ್ತುಕೊಂಡೇ ನಿಂತ. "ಅಕ್ಕಾರ, ನೀವು ಕನ್ನಡದವ್ರೇನ್ರೀ?" ಪುಣೆಯಲ್ಲಿ ಕಟ್ಟಡಗಳಿಗೆ ಬಿದಿರಿನ ಸಾರುವೆ ಕಟ್ಟಿ ಅವನಿಗೆ ಅಭ್ಯಾಸ. ಭಾನುವಾರ ರಜೆ, ಬರ್ತೀನಿ ಅಂದ. ಹೇಳಿದ ಹೊತ್ತಿಗೆ ಬಂದ.

ಕಂಬದ ತಲೆಗಳನ್ನು ನಮ್ಮವರು ಒಂದೇ ಮಟ್ಟಕ್ಕೆ ಕೊಯ್ಯಲು ಗುರುತು ಹಾಕುತ್ತಿದ್ದರು. ಅವನು ತಡೆದ. "ಅಣ್ಣಾರ, ಅಲ್ಲಿ ಕೊಯ್ಬ್ಯಾಡ್ರಿ. ಗಳದ ಬಾಯಿ ತೆರೆದಿಟ್ರ ಮಳಿ ನೀರು ತುಂಬ್ತದ್ರಿ. ಗೆಣ್ಣಿನ ಮ್ಯಾಲೆ ಒಂದ್ ಬೆರಳು ಬಿಟ್ಟು ಕೊಯ್ರಿ. ಆ ಗೆಣ್ಣೇ ಮುಚ್ಚಳ ಆಗ್ತದ." ಹೌದು. ಗೆಣ್ಣಿನ ಒಳಗೆ ಪರದೆ ಇರುತ್ತೆ. ಅದರ ಮೇಲೇ ಕೊಯ್ದರೆ ಪೊಳ್ಳು ಮುಚ್ಚಿಕೊಳ್ಳುತ್ತೆ. ಎರಡು ಗೆಣ್ಣಿನ ನಡುವೆ ಕೊಯ್ದರೆ ಅದೊಂದು ಲೋಟ. ನೀರು ನಿಂತು ಕಂಬ ಕೊಳೆಯುತ್ತೆ, ಡೆಂಗಿ ಹರಡುವ ಸೊಳ್ಳೆ ಅದರಲ್ಲೇ ಮೊಟ್ಟೆ ಇಡುತ್ತೆ. ಹೀಗಾಗಿ ನಮ್ಮ ಕಂಬಗಳ ತಲೆ ಒಂದು ಮೇಲೆ, ಒಂದು ಕೆಳಗೆ ಇದೆ. ಅಡ್ಡಗಳ ಮಾತ್ರ ಒಂದೇ ಮಟ್ಟ. ನನಗೆ ಹಾಗೇ ಚೆನ್ನಾಗಿ ಕಾಣುತ್ತೆ.

ಕಂಬವನ್ನು ಮಣ್ಣಿಗೆ ತಾಗಿಸಲೇ ಇಲ್ಲ. ಒಂದೂವರೆ ಅಡಿ ಗುಂಡಿ ತೆಗೆದು, ಸಿಮೆಂಟು ಜಲ್ಲಿ ಹಾಕಿ, ನಡುವೆ 12 ಎಂಎಂ ಕಬ್ಬಿಣದ ರಾಡು ನಿಲ್ಲಿಸಿದೆವು. ಸಿಮೆಂಟನ್ನು ನೆಲದಿಂದ ಮೂರು ಇಂಚು ಮೇಲೆ ಬರುವ ಹಾಗೆ ಎತ್ತರಿಸಿ, ನೀರು ಹರಿದು ಹೋಗಲು ಸ್ವಲ್ಪ ಇಳಿಜಾರು ಕೊಟ್ಟೆವು. ಕಳಕ್ ಪೊಳ್ಳಾಗಿರೋದು ಇಲ್ಲಿ ಉಪಯೋಗಕ್ಕೆ ಬಂತು. ಕೆಳಗಿನ ಗೆಣ್ಣುಗಳ ಪರದೆಯನ್ನು ರಾಡಿನಿಂದ ಒಡೆದು, ಕಂಬವನ್ನು ಮೇಲಿನಿಂದ ರಾಡಿಗೆ ತೊಡಿಸಿದೆವು. ಅಲ್ಲಾಡದ ಹಾಗೆ ಬಿದಿರಿನ ಚಕ್ಕೆಗಳನ್ನೇ ಆ ಹುಡುಗ ಸಂದಿಗೆ ಬಡಿದ. ಮುಂದೆ ಯಾವ ಕಂಬ ಹಾಳಾದರೂ ಎತ್ತಿ ತೆಗೆದು ಹೊಸದು ತೊಡಿಸಿದರಾಯಿತು. ನೆಲ ಅಗೆಯುವ ಕೆಲಸ ಮತ್ತೆ ಇಲ್ಲ.

ಅಡ್ಡಗಳಗಳನ್ನು ಕಂಬಕ್ಕೆ ಜಿಐ ತಂತಿಯಿಂದ ಬಿಗಿದು, ಅದರ ಮೇಲೆ ನೆನೆಸಿದ ಕತ್ತದ ಹಗ್ಗ ಸುತ್ತಿದ. ಮೊಳೆ ಹೊಡೆಯಲೇ ಇಲ್ಲ. ಬಿದಿರಿನ ನಾರು ಉದ್ದಕ್ಕೇ ಇರೋದರಿಂದ ಮೊಳೆ ಹೊಡೆದರೆ ಸೀದಾ ಸೀಳಿ ಹೋಗುತ್ತೆ. ಬೇಕೇ ಬೇಕು ಅಂದರೆ ಮೊದಲು ಡ್ರಿಲ್ ಮಾಡಿ. ಸೀಳುಗಳನ್ನು ಒಂದು ಅಡ್ಡಗಳದ ಮುಂದೆ, ಇನ್ನೊಂದರ ಹಿಂದೆ, ಮತ್ತೊಂದರ ಮುಂದೆ ಹೀಗೆ ಹಾಯಿಸಿದೆವು. ಪಕ್ಕದ ಸೀಳು ಅದಕ್ಕೆ ತಿರುಗಾಮುರುಗಾ. ಅದರ ಬಿಗಿಗೇ ಅದು ನಿಲ್ಲುತ್ತೆ, ಕಟ್ಟುವ ಕೆಲಸವೇ ಇಲ್ಲ. ನಡುವೆ ಒಂದು ಇಂಚು ಸಂದಿ. ಕೋಳಿ ನುಗ್ಗಲ್ಲ, ಗಾಳಿ ಆಡುತ್ತೆ. ಗಾಳಿ ಆಡಲೇಬೇಕು. ಪೂರ್ತಿ ಮುಚ್ಚಿದ ಬೇಲಿ ಜೂನ್ ಗಾಳಿಗೆ ಅಡ್ಡ ಮಲಗುತ್ತೆ, ಒಳಗಿನ ಟೊಮೆಟೊಗೂ ಬೂಷ್ಟು ಬರುತ್ತೆ.

ಹೆಗ್ಗಣಕ್ಕೆ ಬಿದಿರೊಂದೇ ಸಾಲದು, ಇದನ್ನು ಮೊದಲೇ ತಿಳಿದುಕೊಳ್ಳಿ. ಬೇಲಿಯ ಬುಡಕ್ಕೆ ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಲರಿ ಹಾಕಿದೆವು. ಒಂದಡಿ ನೆಲದೊಳಗೆ ಹೋಗಿ, ಅಲ್ಲಿಂದ ಹೊರಗಡೆಗೆ ಬಾಗಿದೆ. ಹೊರಗಿನಿಂದ ತೋಡಿಕೊಂಡು ಬಂದ ಹೆಗ್ಗಣಕ್ಕೆ ಜಾಲರಿಯೇ ಸಿಗುತ್ತೆ.

ಬಾಗಿಲು ನನ್ನ ಇಷ್ಟದಂತೆ ಆಯಿತು. ಸೀಳಿನಲ್ಲೇ ಹೆಣೆದ ಒಂದು ತಟ್ಟಿ. ಅದರ ಮುಂದೆ, ಎರಡೂ ಕಡೆಯ ಕಂಬದ ತೂತಿಗೆ ಹಾಯುವ ಒಂದು ಮಾನವೇಲ್ ಗಳ, ನಮ್ಮೂರ ಉಣುಗೋಲಿನ ಥರ. ಗಳ ಸರಿಸಿದರೆ ಬಾಗಿಲು ತೆರೆಯುತ್ತೆ. ಆಡು ಎಷ್ಟು ತಲೆ ಒತ್ತಿದರೂ ಜಗ್ಗಲ್ಲ. ನನ್ನ ಮಗಳಿಗೆ ಅದನ್ನು ಎಳೆಯೋದು, ಹಾಕೋದು ಅಂದರೆ ತುಂಬ ಇಷ್ಟ. ಸೊಪ್ಪು ಕೊಯ್ಯಲು ಈಗ ಕರೆಯದೇ ಬರ್ತಾಳೆ.

ರೆಡಿಮೇಡ್ ಬೇಲಿ ಯಾಕೆ ಬೇಡ ಅನ್ನುವುದಕ್ಕೆ ಸಾಕ್ಷಿ ಪಕ್ಕದ ಮನೆಯಲ್ಲೇ ಇದೆ. ಅವರು ನಮ್ಮ ಜೊತೆಜೊತೆಗೇ ಆನ್‌ಲೈನ್‌ನಲ್ಲಿ ಒಂದು ಸುರುಳಿ ಬೇಲಿ ತರಿಸಿದರು. ಬಂದಾಗ ನೋಡಲು ಬಹಳ ಸೊಗಸಾಗಿತ್ತು. ಕಡ್ಡಿಗಳು ಕಿರುಬೆರಳಿಗಿಂತ ಸಣ್ಣ. ಹೊರಗಡೆ ಮಾತ್ರ ವಾರ್ನಿಶ್, ಒಳಮೈ ಹಾಗೇ ಬಿಟ್ಟಿದ್ದರು. ತೆಳು ತಂತಿಯಲ್ಲಿ ಪಿನ್ ಹೊಡೆದು ಜೋಡಿಸಿದ್ದರು. ಆಗಸ್ಟ್ ಹೊತ್ತಿಗೆ ಪಿನ್‌ಗಳಿಗೆ ತುಕ್ಕು ಹಿಡಿದು ಕಡ್ಡಿ ಒಂದೊಂದಾಗಿ ಉದುರಿತು. ಒಳಮೈಗೆ ಕಪ್ಪು ಬೂಷ್ಟು. ವಾಪಸ್ ಕಳಿಸಲು ದಿನ ಮೀರಿತ್ತು. ಅವರು ಕೊಟ್ಟದ್ದು ನಮಗಿಂತ ಜಾಸ್ತಿ ದುಡ್ಡು. ಆ ಮನೆಯ ಕಾಕೂ, ಅಂದರೆ ಚಿಕ್ಕಮ್ಮ, ಈಗ ನನ್ನ ಜೊತೆ ಬುರುಡ್ ಆಳಿಗೆ ಬರ್ತೀನಿ ಅಂದಿದ್ದಾರೆ.

ನಮ್ಮ ಬೇಲಿಗೆ ಮಳೆಗಾಲದಲ್ಲಿ ಏನೂ ಆಗಲಿಲ್ಲ ಅಂತಲ್ಲ. ಬಣ್ಣ ಹೋಯಿತು. ಹೊಂಬಣ್ಣ ಇದ್ದದ್ದು ಬೂದು ಬಣ್ಣಕ್ಕೆ ತಿರುಗಿದೆ. ಪಡುವಣ ಬದಿಯಲ್ಲಿ ಮಳೆ ನೇರ ಬಡಿಯುವ ಕಡೆ ಕೆಲವು ಸೀಳಿನ ತುದಿ ಬಿರಿದಿದೆ. ಕತ್ತದ ಹಗ್ಗ ಎರಡು ಕಡೆ ಸಡಿಲವಾಗಿತ್ತು, ಮತ್ತೆ ಸುತ್ತಿದೆವು. ಒಳಗಿನ ತಂತಿ ಗಟ್ಟಿಯಾಗೇ ಇದೆ. ಕಂಬದ ಬುಡದಲ್ಲಿ ಗೆದ್ದಲಿನ ಮಣ್ಣು ಇಲ್ಲ. ಹುಳದ ಹಿಟ್ಟು ಒಂದೇ ಒಂದು ಅಡ್ಡಗಳದಲ್ಲಿ ಕಂಡಿದೆ. ಆ ಮಾನವೇಲ್‌ಗಳು ಉದ್ದ ಅಂತ ಡ್ರಮ್ಮಿನಲ್ಲಿ ಇಳಿದಿರಲಿಲ್ಲ, ಬರೀ ಔಷಧಿ ಬಳಿದು ಎಣ್ಣೆ ಹಚ್ಚಿದ್ದೆವು. ಸಾಧ್ಯವಾದರೆ ನೀವು ಅಡ್ಡಗಳಗಳನ್ನೂ ಮುಳುಗಿಸಿ. ನೆಲದಲ್ಲಿ ಉದ್ದ ಗುಂಡಿ ತೆಗೆದು ತಾಡಪಾಲು ಹಾಸಿದರೆ ಆಗುತ್ತೆ. ಆಡುಗಳು ಈಗಲೂ ಸಂಜೆ ಬರುತ್ತವೆ. ಬೇಲಿಯಾಚೆ ಚಾಚಿದ ಬಸಳೆ ಕುಡಿ ಸಿಕ್ಕರೆ ತಿಂದು ಹೋಗುತ್ತವೆ. ಅಷ್ಟು ತಿನ್ನಲಿ.

ಹೋಗುವವರು ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಚಳಿಗಾಲದಲ್ಲಿ ಕಡಿದ ಹೊಸ ಗಳ ಸಿಗುತ್ತೆ, ನೆರಳಲ್ಲಿ ಒಣಗಿಸಲು ಹವೆ ಹದವಾಗಿರುತ್ತೆ, ಮಳೆಗೆ ಮೊದಲು ಎಲ್ಲ ಮುಗಿಯುತ್ತೆ. ಗಣಪತಿ ಹಬ್ಬದ ಹಿಂದಿನ ವಾರಗಳಲ್ಲಿ ಹೋಗಬೇಡಿ. ಮಂಟಪ ಕಟ್ಟುವವರು ಕಟ್ಟುಗಟ್ಟಲೆ ಎತ್ತಿಕೊಂಡು ಹೋಗ್ತಾರೆ, ಕೂತು ಆರಿಸಲು ಅಂಗಡಿಯವರಿಗೂ ಪುರುಸೊತ್ತಿರಲ್ಲ. ಗಳವನ್ನು ಕಟ್ಟಿನ ಲೆಕ್ಕದಲ್ಲಿ ಕೊಳ್ಳದೆ ಒಂದೊಂದಾಗಿ ಎಳೆದು, ಕುಟ್ಟಿ, ತುದಿ ನೋಡಿ ತೆಗೆದುಕೊಳ್ಳಿ. ಅವರು ಬೇಸರ ಮಾಡಿಕೊಳ್ಳಲ್ಲ. ಕಂಬಕ್ಕೆ ಕೊಯ್ಸುವಾಗ ಗೆಣ್ಣಿನ ಮೇಲೆ ಅಂತ ಹೇಳಿ. ಹಾಗೇ ಆಜಿಯ ಹತ್ತಿರ ಒಂದು ಜೊತೆ ಮೊರವನ್ನೂ ಕೊಂಡು ಬನ್ನಿ, ಸೊಪ್ಪು ಬಿಡಿಸಿ ಹಾಕಲು ಬೇಕಾಗುತ್ತೆ.